ಬೀಗರೂಟದಲ್ಲಿ ನಡೆದ ಚೆಕ್ಕಿನ ಕಾಳಗ

ಸಕಲ ಜೀವಿಗಳ ಉದರಕುಹರದಲ್ಲಿ ಹಗಲಿರುಳೆನ್ನದೆ ಧಗಧಗಿಸುವ ಎಲೈ ಜಠರಾಗ್ನಿಯೇ, ನಿನಗೆ ಮೊದಲ ನಮಸ್ಕಾರ. ಶಬ್ದಗಳನ್ನು ಹೆತ್ತು, ಹೊತ್ತು, ದೇಶದಿಂದ ದೇಶಕ್ಕೆ ಅಲೆಸಿ, ಕೊನೆಗೆ ಹೊಣೆಯಿಲ್ಲದವರ ಬಾಯಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಎಲೌ ವಾಗ್ದೇವಿಯೇ, ನಿನಗೆ ಎರಡನೆಯದು. ಕ್ರಮ ತಪ್ಪಿತೆಂದು ಮುನಿಯಬೇಡ ತಾಯೇ. ಹೊಟ್ಟೆ ತುಂಬದೆ ನಿನ್ನ ಮಕ್ಕಳಲ್ಲಿ ಒಬ್ಬನಾದರೂ ಎರಡು ಸಾಲು ಹಾಡಿದ್ದನ್ನು ನಾನು ಕಾಣೆ.

ಅದು ಎಂಥ ಯುಗವೆಂದರೆ, ಅಂಗೈಯಗಲದ ಗಾಜಿನಲ್ಲಿ ಹದಿನಾಲ್ಕು ಲೋಕಗಳೂ ಮಿನುಗುತ್ತಿದ್ದರೂ ಬಿದರಕೊಪ್ಪಲಿನ ರಾಗಿಮುದ್ದೆಯನ್ನು ಇನ್ನೂ ಕೋಲಿನಿಂದಲೇ ತಿರುವುತ್ತಿದ್ದ ಯುಗ. ಇಂಗ್ಲಿಷೆಂಬ ಮಹಾನದಿಯು ಮದ್ದೂರು ಮಳವಳ್ಳಿ ಸೀಮೆಯ ಗದ್ದೆಬಯಲಿಗೆಲ್ಲ ನುಗ್ಗಿ, ಹೆಂಗಸರ ಬಾಯಲ್ಲಿ ಕುಕ್ಕರಾಗಿ, ಗಂಡಸರ ಬಾಯಲ್ಲಿ ಪಂಪ್‌ಸೆಟ್ಟಾಗಿ, ಮಕ್ಕಳ ಬಾಯಲ್ಲಿ ಹೋಂವರ್ಕಾಗಿ ಹರಿಯುತ್ತಿದ್ದರೂ, ಅದು ಹುಟ್ಟಿದ ಬೆಟ್ಟ ಯಾವುದೆಂದು ಯಾರೂ ಕೇಳದೆ ಇದ್ದ ಸುಖದ ಕಾಲ. ಕೇಳಿದ್ದೇ ತಪ್ಪಾಯಿತು.

ಆ ಬಿದರಕೊಪ್ಪಲಿನಲ್ಲಿ ಹೊಂಬಾಳೇಗೌಡನೆಂಬ ವಸ್ತ್ರವೀರನಿದ್ದ. ಪಂಚೆ-ಲುಂಗಿ-ಟವೆಲ್-ದಾವಣಿ-ಹೊದಿಕೆ-ಸಮಸ್ತವಸನ-ವಿಕ್ರಯವಿಶಾರದನೂ, ಮೀಟರುಕೋಲನ್ನೇ ಗದೆಯಾಗಿ ಧರಿಸಿದವನೂ, ಥಾನು ಬಟ್ಟೆಯನ್ನು ಒಮ್ಮೆ ಬೀಸಿ ಬಿಚ್ಚಿದನೆಂದರೆ ಎದುರಿಗೆ ಕೂತ ಗಿರಾಕಿಗೆ ಬೇಡವೆನ್ನುವ ಶಕ್ತಿಯನ್ನೇ ಉಡುಗಿಸಬಲ್ಲವನೂ ಆಗಿದ್ದ ಆ ಮಹಾನುಭಾವನಿಗೆ ಇಂಚರ ಎಂಬ ಒಬ್ಬಳೇ ಮಗಳು. ಅವಳನ್ನು ಮೊನ್ನೆ ಭಾನುವಾರ ಧಾರೆ ಎರೆದುಕೊಟ್ಟದ್ದು ಕನಕಪುರದ ಕಡೆಯ ಕಾಳೀರೇಗೌಡನ ಮಗ ನಂದೀಶನಿಗೆ. ಹುಡುಗ ಒಳ್ಳೆಯವನು. ಅವನಪ್ಪನೂ ಒಳ್ಳೆಯವನೇ, ಆದರೆ ಮಾರ್ಗಮಧ್ಯ-ವಾಹನಸ್ತಂಭನ-ಪ್ರವೀಣ, ಟಿಕೆಟ್‌ವಿಹೀನ-ಪಯಣಿಗ-ಹೃದಯವಿದಾರಕ, ಕಂಡಕ್ಟರಕುಲ-ಕಾಲಭೈರವನೆಂದು ಮೂರು ಜಿಲ್ಲೆಗಳಲ್ಲಿ ಹೆಸರಾದ ನಿವೃತ್ತ ಬಸ್ ಚೆಕಿಂಗ್ ಇನ್‌ಸ್ಪೆಕ್ಟರು. ನೌಕರಿ ಬಿಟ್ಟು ವರ್ಷಗಳಾಗಿದ್ದರೂ ನೌಕರಿ ಅವನನ್ನು ಬಿಟ್ಟಿರಲಿಲ್ಲ. ಮದುವೆಯ ಛತ್ರದಲ್ಲಿ ಬಾಸಿಂಗ ಕಟ್ಟಿಕೊಂಡಿದ್ದ ಸ್ವಂತ ಮಗನನ್ನೇ ಬಾಗಿಲಲ್ಲಿ ನಿಲ್ಲಿಸಿ, "ಎಲ್ಲಿಗೆ?" ಎಂದು ಕೇಳಿದ್ದನಂತೆ.

ಮದುವೆ ಕಳೆದು ಮೂರನೆಯ ದಿನ, ಬುಧವಾರ, ಬೀಗರೂಟ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಕರೆದು ಬಾಡಿನೂಟ ಹಾಕುವ ಆ ಪುಣ್ಯದಿನದಂದು ಹೊಂಬಾಳೇಗೌಡನ ಹಿತ್ತಲಲ್ಲಿ ಶಾಮಿಯಾನ ಎದ್ದಿತು. ಜಮಖಾನಗಳು ಹಾಸಿಕೊಂಡವು. ಬಾಳೆಯೆಲೆಗಳು ಎರಡು ಸಾಲಾಗಿ, ಒಂದಕ್ಕೊಂದು ಎದುರಾಗಿ, ಯುದ್ಧಕ್ಕೆ ನಿಂತ ಸೇನೆಗಳಂತೆ ಚಾಚಿಕೊಂಡವು. ಒಲೆಯ ಮೇಲಿನ ತಪ್ಪಲೆಯಿಂದ ಮಟನ್ ಸಾರಿನ ಘಮಲು ಎದ್ದು ಬೇಲಿ ದಾಟಿ, ರಸ್ತೆಗಿಳಿದು, ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದವರನ್ನು ಮತ್ತೊಂದು ಬಸ್ಸು ಬರಲೆಂದು ಕಾಯುವಂತೆ ಮಾಡಿತು. ಈ ಗಾಥೆ ಹೇಳುತ್ತಿರುವ ನಾನೂ, ಗಂಡಿನ ಕಡೆಯ ದೂರದ ನೆಂಟನೆಂಬ ಹಕ್ಕಿನ ಮೇಲೆ, ಆ ಸಾಲಿನಲ್ಲೊಂದು ಎಲೆ ಹಿಡಿದು ಕೂತಿದ್ದೆ. ಬೆಳಿಗ್ಗೆ ಬೇಕೆಂದೇ ತಿಂಡಿ ತಿಂದಿರಲಿಲ್ಲ.

ಇಲ್ಲಿ ಆ ಕುಲದ ಎರಡು ಕಟ್ಟಳೆಗಳನ್ನು ಹೇಳಬೇಕು. ಹೇಳದಿದ್ದರೆ ಮುಂದೆ ನಡೆದದ್ದು ತಿಳಿಯದು. ಮೊದಲನೆಯದು, ಬೀಗರಿಬ್ಬರೂ ಎದುರುಬದುರಾಗಿ ಕೂತು ಒಟ್ಟಿಗೆ ಮುದ್ದೆ ಮುರಿಯುವ ತನಕ ಪಂಕ್ತಿಯಲ್ಲಿ ಯಾರೊಬ್ಬರೂ ಎಲೆಗೆ ಕೈಯಿಡುವಂತಿಲ್ಲ. ಎರಡನೆಯದು ಇನ್ನೂ ಘೋರ. ಉಣ್ಣಲು ಕೂತ ಬೀಗ ಉಣ್ಣದೆ ಎದ್ದು ಎಲೆ ದಾಟಿಬಿಟ್ಟರೆ ಮುಂದಿನ ಗೌರಿಹಬ್ಬದವರೆಗೆ ಆ ಮನೆಯವರು ಈ ಮನೆಯ ನೀರನ್ನೂ, ಈ ಮನೆಯವರು ಆ ಮನೆಯ ನೀರನ್ನೂ ಮುಟ್ಟುವಂತಿಲ್ಲ. ಹುಡುಗಿ ಅಲ್ಲಿಯತನಕ ತವರಲ್ಲೇ. ಇತ್ತ ಇಂಚರಳ ಪೆಟ್ಟಿಗೆಗಳು ಆಗಲೇ ವ್ಯಾನಿನಲ್ಲಿ ಕೂತಿದ್ದವು. ಕನಕಪುರದಲ್ಲಿ ನಂದೀಶ ಹಿಡಿದಿದ್ದ ಬಾಡಿಗೆಮನೆಯಲ್ಲಿ ಮರುದಿನ ಬೆಳಗಾಗುವುದರೊಳಗೆ ಹಾಲುಕ್ಕಿಸಬೇಕಿತ್ತು. ಹೊಸ ಪಾತ್ರೆಯನ್ನು ಅವಳೇ ಸಂತೆಗೆ ಹೋಗಿ ಆರಿಸಿ ತಂದಿದ್ದಳು. ಆ ಮನೆಗೆ ಹೋಗುವ ಆಸೆ ಅವಳಿಗೆ ಎಷ್ಟಿತ್ತೆಂದರೆ, ತುಪ್ಪದ ಗಿಂಡಿ ಹಿಡಿದು ಪಂಕ್ತಿಯ ತುದಿಯಲ್ಲಿ ನಿಂತಿದ್ದವಳು ಎರಡು ಸಲ ವ್ಯಾನಿನ ಕಡೆಗೇ ನೋಡುತ್ತ ತುಪ್ಪವನ್ನು ನೆಲಕ್ಕೆ ಸುರಿದಳು.

ಎಲೆಎಲೆಗೂ ಮುದ್ದೆ ಬಿತ್ತು. ಬೀಗರಿಬ್ಬರೂ ಎದುರುಬದುರು ಕೂತರು. ಅಡುಗೆಯ ಬೋರಣ್ಣ ಸಾರಿನ ಬಕೀಟು ಹಿಡಿದು, ಮರ್ಯಾದೆಯ ಪ್ರಕಾರ ಗಂಡಿನಪ್ಪನ ಎಲೆಯ ಮುಂದೆ ಬಾಗಿ, ಮೊದಲ ಸೌಟನ್ನು ಎತ್ತಿದ. ನೂರಾರು ಜೋಡಿ ಕಣ್ಣುಗಳು ಆ ಸೌಟಿನೊಡನೆ ಮೇಲೆದ್ದವು. ಆಗ, ಅಯ್ಯೋ, ಬಸ್ಸುಗಳನ್ನು ನಿಲ್ಲಿಸಿ ನಿಲ್ಲಿಸಿ ಪಳಗಿದ ಆ ಬಲಗೈ ತಂತಾನೇ ಗಾಳಿಯಲ್ಲಿ ಚಾಚಿಕೊಂಡಿತು.

"ತಡಿಯಪ್ಪ," ಎಂದ ಕಾಳೀರೇಗೌಡ. "ಇದ ಯಾರಾರ ಚೆಕ್ ಮಾಡಿದ್ದೀರಾ?"

ಸೌಟು ನಿಂತಿತು. ಅದರಲ್ಲಿದ್ದ ತುಂಡೊಂದು ಜಾರಿ ಬಕೀಟಿಗೆ ಬಿದ್ದ ಸದ್ದು ಶಾಮಿಯಾನದ ಆ ತುದಿಗೂ ಕೇಳಿಸಿತು. ಆ ಪ್ರಶ್ನೆಯಲ್ಲಿ ಕೇಡೇನೂ ಇರಲಿಲ್ಲ. ಎದುರಿಗೆ ಏನು ಬಂದರೂ ಕೈಚಾಚಿ ಹಾಗೆ ಕೇಳುವುದು ಆತನಿಗೆ ಉಸಿರಾಡಿದಷ್ಟೇ ಸಹಜ. ಆದರೆ ಬೀಗರ ಮನೆಯಲ್ಲಿ ಮೊದಲ ತುತ್ತಿಗೆ ಮುಂಚೆ ಉಪ್ಪು-ಖಾರದ ಮಾತೆತ್ತುವುದು ಆ ಸೀಮೆಯಲ್ಲಿ ಮುಖಕ್ಕೆ ಉಗಿದ ಹಾಗೆ. ಉಂಡಾದ ಮೇಲೆ ಹಿಂದಿನಿಂದ ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ.

ಪ್ರಳಯಕಾಲದ ಮೇಘದಂತೆ ಹೊಂಬಾಳೇಗೌಡನ ಮುಖ ಕಪ್ಪಿಟ್ಟಿತು. ಅಂಗಡಿಯ ಗಾದಿಯ ಮೇಲೆ ಕೂತು ಕೂತು ಬೆಳೆದ ತನ್ನ ವಿಶಾಲದೇಹವನ್ನು ಒಂದು ಕೈ ನೆಲಕ್ಕೂ ಇನ್ನೊಂದು ಕೈ ಪಕ್ಕದವನ ಹೆಗಲಿಗೂ ಊರಿ ಮೇಲೆತ್ತಿ, ಆ ವಸ್ತ್ರವೀರ ಎದ್ದು ನಿಂತ.

"ಏನಂದ್ರಿ ಬೀಗ್ರೇ? ಚೆಕ್ಕಾ? ನಮ್ಮನೆ ಸಾರ ಚೆಕ್ ಮಾಡ್ಬೇಕಾ? ನಮ್ಮ ಕುರಿಯೇನು ಟಿಕೀಟಿಲ್ದೆ ಹತ್ಬುಟ್ಟಿತ್ತಾ?"

ಹೆಣ್ಣಿನ ಕಡೆಯ ಸಾಲಿನಲ್ಲಿ ನಗೆ ಎದ್ದಿತು. ಆ ನಗೆಯೇ ಬೆಂಕಿಗೆ ತುಪ್ಪವಾಯಿತು. ಮಂಡಿಚಿಪ್ಪುಗಳು ಲಟಲಟನೆ ನುಡಿಯುತ್ತಿದ್ದರೂ ಲೆಕ್ಕಿಸದೆ ಕಾಳೀರೇಗೌಡನೂ ಎದ್ದ. ಎಲೆಯ ಈಚೆಗೇ ಎದ್ದನೆಂಬುದನ್ನು ಎಲ್ಲರೂ ನೋಡಿಕೊಂಡರು. ಇಂಚರಳಂತೂ ಉಸಿರು ಬಿಗಿಹಿಡಿದು ಮಾವನ ಪಾದಗಳನ್ನೇ ನೋಡಿದಳು.

"ಬೀಗ್ರೇ," ಎಂದು ಆತ ಗುಡುಗಿದ, "ಚೆಕ್ಕು ಅನ್ನೋ ಮಾತ್ನ ನೀವು ಹಂಗೆ ಹಗುರವಾಗಿ ಆಡ್ಬೇಡಿ. ಆ ಮಾತಿನ ಅನ್ನ ಉಂಡು ಬೆಳೆದಿರೋ ಮನೆತನ ನಮ್ಮುದು. ನಡುರಸ್ತೇಲಿ ಒಂಟಿಯಾಗಿ ನಿಂತ್ಕಂಡು, ಎದ್ರಿಗೆ ನೂರು ಮೈಲಿ ಸ್ಪೀಡಲ್ಲಿ ಬತ್ತಾ ಇರೋ ಬಸ್ಸ ಒಂದೇ ಕೈಲಿ ನಿಲ್ಸಿವ್ನಿ. ಇಳೀದೆ ಅವಿತ್ಕಂಡಿದ್ದೋರ್ನ ಕಿಟಕೀಲಿ ಎಳ್ದಿವ್ನಿ. ನಾ ಹತ್ತುದ್ರೆ ಕಂಡಕ್ಟರ್ ಕೈಲಿದ್ದ ವಿಸಲ್ಲು ತಾನಾಗೇ ಊದ್ತಿತ್ತು. ಚೆಕ್ಕು ಅಂದ್ರೆ ಏನು? ತಡ್ದು ನೋಡೋದು! ಚೊಕ್ಕವಾಗದಾ ಇಲ್ವಾ ಅಂತ ನೋಡೋದು! ನಮ್ಮ ಚೊಕ್ಕ ಅನ್ನೋ ಮಾತ್ನೇ ಇಂಗ್ಲಿಷ್ನೋರು ಬಾಯಿ ತಿರುಗ್ದೆ ಚೆಕ್ಕು ಅಂದವ್ರೆ. ಕಾನ್ವೆಂಟ್‌ಗೆ ಹೋಗಿ ಕೇಳ್ಕ ಬನ್ನಿ!"

ಗಂಡಿನ ಕಡೆಯ ಸಾಲು ಭಲೇ ಎಂದಿತು. ಭಲೇ ಎಂದವರಲ್ಲಿ ನಾನೂ ಒಬ್ಬ. ಬೇಗ ಮುಗಿಯಲೆಂಬ ಆಸೆಯಿಂದ ಕೂಗಿದ್ದು, ಅದು ಬೇರೆ ಮಾತು. ಎಲೆಯ ಮೇಲಿನ ಮುದ್ದೆಯಿಂದ ಏಳುತ್ತಿದ್ದ ಆವಿ ಆಗಲೇ ಸಣ್ಣಗಾಗಿತ್ತು.

ಹೊಂಬಾಳೇಗೌಡ ಹೆಗಲ ಮೇಲಿದ್ದ ಟವೆಲನ್ನು ಸರ್ರನೆ ಎಳೆದು, ಗಿರಾಕಿಯ ಮುಂದೆ ಬಿಚ್ಚುವಂತೆ ಗಾಳಿಯಲ್ಲಿ ಬೀಸಿ ಹರವಿದ. ಕೆಂಪು ಬಿಳುಪಿನ ಚೌಕುಳಿಗಳು ಬಿಸಿಲಲ್ಲಿ ಹೊಳೆದವು.

"ನೋಡಿ! ಕಣ್ಬುಟ್ಟು ನೋಡಿ! ಇದು ಚೆಕ್ಸು! ನಿಮ್ಮಪ್ಪ ಉಟ್ಟಿದ್ದು ಚೆಕ್ಸ್ ಲುಂಗಿ, ನಿಮ್ಮವ್ವ ನಿಮ್ಮ ಸುತ್ತಿ ಮಲಗ್ಸಿದ್ದು ಚೆಕ್ಸ್ ದುಪ್ಪಟೀಲಿ, ನಿಮ್ಮ ಮಗ, ನನ್ನ ಅಳಿಮಯ್ಯ, ಈಗ ಹಾಕ್ಕಂಡು ಕುಂತಿರೋದು ನನ್ನಂಗ್ಡಿ ಚೆಕ್ಸ್ ಶರ್ಟು! ಹುಟ್ಟಿದ್ಕೂ ಚೆಕ್ಸು, ಸಾಯಾಕೂ ಚೆಕ್ಸು. ಚೌಕ ಅನ್ನೋ ಮಾತಿಂದ ಬಂದದ್ದು ಕಣ್ರೀ ಅದು. ಚೌಕ, ಚೌಕುಳಿ, ಚೆಕ್ಕು! ನೇಯ್ಗೆಯೋರು ಹಡೆದ ಮಾತು. ನೀವು ಬಸ್ಸೋರು ಅದ ಟಿಕೀಟಿಲ್ದೆ ಹತ್ತುಸ್ಕಂಡಿದ್ದೀರಿ, ಅಷ್ಟೇಯ!"

ಶರ್ಟಿನ ವಿಚಾರ ಬಂದಾಗ ನಂದೀಶ ತನ್ನ ಎದೆಯನ್ನು ಒಮ್ಮೆ ನೋಡಿಕೊಂಡು, ಮತ್ತೆ ಮುದ್ದೆಯನ್ನೇ ನೋಡತೊಡಗಿದ. ಎರಡು ಮನೆಗಳ ಗೌರವ ತನ್ನ ಮೈಮೇಲೆ ಕೂತಿದ್ದ ಆ ಘಳಿಗೆಯಲ್ಲಿ ಅವನಿಗೆ ಹೊಳೆದದ್ದು ಒಂದೇ. "ಅಪ್ಪ, ಮುದ್ದೆ ಆರ್ತಾ ಅದೆ," ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾತಿಗೆ ಮಾತು ಬೆಳೆಯಿತು. ಚೆಕ್‌ಪೋಸ್ಟ್ ಎಂಬ ಮಹಾಸ್ತ್ರವನ್ನು ಕಾಳೀರೇಗೌಡ ಪ್ರಯೋಗಿಸಿದರೆ, ಶಾಲೆಯ ಮಕ್ಕಳ ಯೂನಿಫಾರಂ ಎಂಬ ಪ್ರತ್ಯಸ್ತ್ರದಿಂದ ಹೊಂಬಾಳೇಗೌಡ ಅದನ್ನು ತುಂಡರಿಸಿದ. ಆಸ್ಪತ್ರೆಯ ಚೆಕಪ್ ಎಂದು ಆತ ಎಸೆದರೆ, ಆ ಆಸ್ಪತ್ರೆಯ ಮಂಚದ ಮೇಲೆ ಹಾಸಿದ್ದೇನೆಂದು ಈತ ತಿರುಗಿಸಿ ಹೊಡೆದ. ಇಬ್ಬರ ಹಿಂದೆಯೂ ಇಬ್ಬಿಬ್ಬರು ನೆಂಟರು ಎದ್ದು ನಿಂತು ತಮ್ಮ ತಮ್ಮ ಯೋಧನ ಬೆವರು ಒರೆಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಯಾರೋ ಒಬ್ಬರು ಮೂಲೆಯಿಂದ, "ಚೆಕ್ಕು ಅಂದ್ರೆ ಅದಲ್ಲ, ಸಹಿ ಹಾಕಿ ಕೊಡ್ತೀವಲ್ಲ..." ಎಂದು ಶುರುಮಾಡಿದಾಗ ಎರಡೂ ಸೇನೆಗಳು ಒಂದಾಗಿ ಅವರನ್ನು ಗದರಿಸಿ ಕೂರಿಸಿದವು.

ಅಡುಗೆಯ ಬೋರಣ್ಣನಿಗೆ ಈ ಹೊತ್ತಿಗೆ ಬಕೀಟು ಹಿಡಿದ ಕೈ ಸೋತು ಬಂದಿತ್ತು. ಸಾರಿನ ಮೇಲೆ ಕೊಬ್ಬು ಕೆನೆಗಟ್ಟುತ್ತಿದ್ದುದನ್ನು ಕಂಡು ಸೌಟಿನಿಂದ ಒಮ್ಮೆ ಕದಡಿದ. ಮೂರು ಗಂಟೆ ಒಲೆಯ ಮುಂದೆ ಬೆಂದು ಮಾಡಿದ ಸಾರು ಅದು.

"ಅಣ್ಣೋರೆ," ಎಂದ, "ಎರಡೂ ತಪ್ಪು. ಚೆಕ್ಕು ಅನ್ನೋದು ಚಕ್ಕೆಯಿಂದ ಬಂದುದ್ದು. ಚಕ್ಕೆ ಲವಂಗ ಹಾಕೀವ್ನಿ, ಎಲ್ಲಾ ಸರ್ಯಾಗದೆ. ಉಣ್ಣಿ."

ಮೂರನೆಯ ಮತವೊಂದು ಹುಟ್ಟಿದ್ದನ್ನು ಸಹಿಸುವಷ್ಟು ದೊಡ್ಡ ಮನಸ್ಸು ಆ ಶಾಮಿಯಾನದೊಳಗೆ ಯಾರಿಗೂ ಇರಲಿಲ್ಲ. ಬೋರಣ್ಣನ ಮೇಲೆ ನಾಲ್ಕು ದಿಕ್ಕಿನಿಂದ ಬೈಗುಳದ ಬಾಣಗಳು ಸುರಿದವು. ಅವನು ಬಕೀಟನ್ನು ನೆಲಕ್ಕೆ ಕುಕ್ಕಿ, "ಹಂಗಾರೆ ನೀವೇ ಬಡ್ಸ್ಕಳಿ," ಎಂದು ಒಲೆಯ ಹತ್ತಿರ ಹೋಗಿ ಬೀಡಿ ಹಚ್ಚಿದ.

ಆಗ ಇಂಚರ ಮುಂದೆ ಬಂದಳು. ಕಾಲೇಜಿನಲ್ಲಿ ಮೂರು ವರ್ಷವೂ ಚೆಸ್ಸಿನಲ್ಲಿ ಕಪ್ಪು ಗೆದ್ದಿದ್ದ ಹುಡುಗಿ ಅವಳು. ಆ ಕಪ್ಪುಗಳಲ್ಲಿ ಒಂದರಲ್ಲಿ ಅವಳಜ್ಜಿ ಈಗ ಎಲೆಅಡಿಕೆ ಇಟ್ಟುಕೊಳ್ಳುತ್ತಿದ್ದಳು.

"ಅಪ್ಪಾ, ಮಾವ, ಇಬ್ರೂ ಕೇಳಿ. ಅದು ಚೆಸ್ಸಿಂದ ಬಂದಿರೋ ಮಾತು. ರಾಜಂಗೆ ಷಾ ಅಂತಿದ್ರು. ಅದೇ ಷಾ ಹೋಗಿ ಹೋಗಿ..."

"ಸುಮ್ಕಿರು ಮಗ," ಎಂದ ಅಪ್ಪ.

"ದೊಡ್ಡೋರು ಮಾತಾಡ್ವಾಗ ಬರ್ಬಾರ್ದು ಕಣವ್ವ," ಎಂದ ಮಾವ.

ಮದುವೆಯಾದಂದಿನಿಂದ ಆ ಇಬ್ಬರೂ ಒಂದೇ ಮಾತಿನಲ್ಲಿ ಒಪ್ಪಿದ್ದು ಅದೇ ಮೊದಲು. ಇಂಚರಳ ಕಣ್ಣಲ್ಲಿ ನೀರು ತುಂಬಿತು. ಅಳುವಲ್ಲ, ಸಿಟ್ಟು. ಅವಳು ಹಿಂದೆ ಸರಿದು ಗಿಂಡಿಯನ್ನು ಎದೆಗೊತ್ತಿಕೊಂಡು ನಿಂತಳು.

ಅಷ್ಟರಲ್ಲಿ ಹೊಂಬಾಳೇಗೌಡನ ಬಾಯಿಂದ ಆಡಬಾರದ ಮಾತು ಹೊರಟೇಬಿಟ್ಟಿತು. "ಸಾರು ಚೆಕ್ ಮಾಡ್ಕಂಡೇ ಉಣ್ಣೋರು ಯಾವ್ದಾರ ಹೋಟ್ಲಿಗೆ ಹೋಗ್ಬೇಕಿತ್ತು ಬೀಗ್ರೇ!"

ಕಾಳೀರೇಗೌಡನ ಮೀಸೆ ಎರಡು ಸಲ ಅದುರಿತು. ಹೆಗಲ ಮೇಲಿನ ಶಲ್ಯವನ್ನು ಜಾಡಿಸಿ ಹಾಕಿಕೊಂಡು, ಪಂಚೆಯ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಿಚಕ್ರವರ್ತಿಯ ಮುಂದೆ ವಾಮನನು ಪಾದವೆತ್ತಿದಂತೆ, ಆತ ಎಲೆ ದಾಟಲು ಬಲಗಾಲನ್ನು ಮೇಲೆತ್ತಿದ. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ನಂದೀಶ ಕಣ್ಣು ಮುಚ್ಚಿಕೊಂಡ.

ಕಥೆ ಹೇಳುವವನಿಗೆ ಒಂದು ಸವಲತ್ತುಂಟು. ಯೋಧನ ಕಾಲನ್ನು ಗಾಳಿಯಲ್ಲೇ ನಿಲ್ಲಿಸಿ ಬೇರೆ ವಿಚಾರ ಮಾತಾಡಬಹುದು. ಕಾಳೀರೇಗೌಡನ ಕಾಲು ಅಲ್ಲೇ ಇರಲಿ. ಆ ಹುಡುಗಿ ಹೇಳಹೊರಟು ನುಂಗಿಕೊಂಡದ್ದನ್ನು ನಾನಾದರೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಪೂರ್ವದಲ್ಲಿ ನಮ್ಮ ದೇಶದ ಚತುರಂಗವೆಂಬ ಆಟವು ಆನೆ, ಕುದುರೆ, ಕಾಲಾಳುಗಳ ಸಮೇತ ಪಾರಸೀಕರ ನಾಡಿಗೆ ಹೋಯಿತು. ಅಲ್ಲಿ ಅರಸನಿಗೆ ಷಾ ಎಂದು ಹೆಸರು. ಎದುರಾಳಿಯ ಅರಸನ ಮೇಲೆ ಕಾಯಿ ಬಿದ್ದಾಗ "ಷಾ!" ಎಂದು ಕೂಗಿ ಎಚ್ಚರಿಸುವುದು ಆ ಆಟದ ಮರ್ಯಾದೆ. ಆ ಕೂಗು ಅರಬರ ಡೇರೆಗಳಲ್ಲಿ ತಂಗಿ, ಲ್ಯಾಟಿನ್ನರ ಮಠಗಳಲ್ಲಿ ಮೈ ಬದಲಿಸಿ, ಫ್ರೆಂಚರ ಮೂಗಿನಲ್ಲಿ ಎಶೆಕ್ ಎಂದು ನುಲಿದು, ಕಡಲು ದಾಟಿ ಇಂಗ್ಲಿಷರ ಬಾಯಿಗೆ ಬೀಳುವ ಹೊತ್ತಿಗೆ ಚೆಕ್ ಆಗಿತ್ತು. ಪಾಪ, ಅರಸನಾಗಿ ಹೊರಟದ್ದು! ಆಟದಲ್ಲಿ ಅರಸನಿಗೆ ಚೆಕ್ ಎಂದರೆ ಅವನ ಓಟಕ್ಕೆ ತಡೆ. ಬರುಬರುತ್ತ ಯಾವ ತಡೆಗಾದರೂ ಚೆಕ್ ಎಂದರು. ತಡೆದು ನಿಲ್ಲಿಸಿದ ಮೇಲೆ ಸರಿಯಿದೆಯೇ ಎಂದು ನೋಡಲೇಬೇಕಲ್ಲ, ಆ ನೋಡುವುದಕ್ಕೂ ಅದೇ ಹೆಸರಾಯಿತು. ಮೋಸವಾಗದಂತೆ ತಾಳೆ ನೋಡಲು ಉಳಿಸಿಕೊಂಡ ಚೀಟಿಯ ತುಣುಕಿಗೂ ಅದೇ ಹೆಸರು ಬಿದ್ದು, ಅದೇ ಮುಂದೆ ಬ್ಯಾಂಕಿನ ಚೆಕ್ಕಾಗಿ, ಮೂಲೆಯಲ್ಲಿ ಗದರಿಸಿಕೊಂಡು ಕೂತಿದ್ದ ಆ ನೆಂಟರಿಗೆ ಅನ್ನ ಕೊಟ್ಟಿತು. ಇತ್ತ ಆ ಆಟದ ಮಣೆಯ ಮೇಲೆ ಒಂದು ಬಿಳಿ ಒಂದು ಕಪ್ಪು ಎಂದು ಚೌಕಗಳಿದ್ದವಷ್ಟೆ. ಹಾಗೆ ನೇಯ್ದ ಬಟ್ಟೆಯೂ ಅದೇ ವಂಶದ ಹೆಸರು ಹೊತ್ತು ಚೆಕ್ಸ್ ಆಯಿತು. ಇಂಗ್ಲೆಂಡಿನ ದೊರೆಗಳ ಖಜಾನೆಯವರು ಅಂಥ ಚೌಕುಳಿ ಬಟ್ಟೆ ಹಾಸಿದ ಮೇಜಿನ ಮೇಲೆಯೇ ಲೆಕ್ಕ ಮಾಡುತ್ತಿದ್ದುದರಿಂದ ಖಜಾನೆಗೂ ಎಕ್ಸ್‌ಚೆಕರ್ ಎಂದು ಆ ಕುಲದ್ದೇ ಒಂದು ಹೆಸರು ಅಂಟಿಕೊಂಡಿತು.

ಅಂದಮೇಲೆ ಕಾಳೀರೇಗೌಡನ ಚೆಕಿಂಗೂ ಹೊಂಬಾಳೇಗೌಡನ ಚೆಕ್ಸೂ ಒಂದೇ ಅಜ್ಜನ ಮೊಮ್ಮಕ್ಕಳು. ಚೊಕ್ಕವೂ ಅಲ್ಲ, ಚೌಕವೂ ಅಲ್ಲ, ಬೋರಣ್ಣನ ಚಕ್ಕೆಯಂತೂ ಅಲ್ಲವೇ ಅಲ್ಲ. ಆ ಎರಡು ಮಾತುಗಳು ಬೀಗರೂ ಅಲ್ಲ, ದಾಯಾದಿಗಳು. ದಾಯಾದಿಗಳಾದ್ದರಿಂದಲೇ ಇಷ್ಟು ಜಗಳವೋ ಏನೋ. ಆದರೆ ಇದನ್ನೆಲ್ಲ ಅಲ್ಲಿ ಎದ್ದು ನಿಂತು ಹೇಳಲು ನನಗೆ ಧೈರ್ಯ ಬರಲಿಲ್ಲ. ಹಸಿದ ಪಂಕ್ತಿಗೆ ಪಾಂಡಿತ್ಯ ಬಡಿಸಲು ಹೋಗಿ ಬದುಕಿದವರು ಕಡಿಮೆ.

ಈಗ ಕಾಲಿಗೆ ಮರಳೋಣ.

ಕಾಲು ಮೇಲೆಯೇ ಇತ್ತು. ನಾನು ಹೇಳಿದ್ದಕ್ಕಲ್ಲ, ಮಂಡಿ ಹಿಡಿದುಕೊಂಡುಬಿಟ್ಟಿತ್ತು. ಆ ಮಹಾಶೂರನ ಪಾದವು ಮುಂದಕ್ಕೂ ಹೋಗಲಾರದೆ, ಹಿಂದಕ್ಕೂ ಬರಲಾರದೆ, ಮುದ್ದೆಯ ನೇರಕ್ಕೆ ತೂಗಾಡುತ್ತಿತ್ತು. ಹಿಂದಿದ್ದ ನೆಂಟರು ಸೊಂಟ ಹಿಡಿದುಕೊಂಡರು. ಆದರೆ ಮುಂದೆ ತಳ್ಳಬೇಕೋ ಹಿಂದೆ ಎಳೆಯಬೇಕೋ ಎಂಬುದರಲ್ಲಿ ಅವರಿಗೂ ಒಮ್ಮತವಿರಲಿಲ್ಲ.

ಅಡುಗೆಮನೆಯ ಬಾಗಿಲಿಂದ ಲಿಂಗಾಜಮ್ಮ ಹೊರಬಂದದ್ದು ಆಗ. ಈಕೆ ಹೊಂಬಾಳೇಗೌಡನ ತಾಯಿ, ಇಂಚರಳ ಅಜ್ಜಿ. ಬಾಗಿದ ಬೆನ್ನು, ಹಲ್ಲಿಲ್ಲದ ಬಾಯಿ, ಕೈಯಲ್ಲಿ ಊರುಗೋಲು. ಬೆಳಿಗ್ಗೆ ಸಕ್ಕರೆಕಾಯಿಲೆಯ ಮಾತ್ರೆ ನುಂಗಿ ಗಂಡಸರ ಪಂಕ್ತಿ ಏಳಲೆಂದು ಒಳಗೆ ಕಾದು ಕೂತಿದ್ದ ಆ ಮುದುಕಿಗೆ ತಲೆ ಸುತ್ತಲು ಶುರುವಾಗಿತ್ತು. ಅವಳು ಯಾರನ್ನೂ ನೋಡಲಿಲ್ಲ. ನೇರವಾಗಿ ಬಂದು, ಮಗ ಎದ್ದು ಖಾಲಿಯಾಗಿದ್ದ ಜಾಗದಲ್ಲಿ, ಅವನ ಎಲೆಯ ಮುಂದೆ ಕಾಲು ಚಾಚಿ ಕೂತಳು.

"ಅವ್ವ! ಇದು ಗಂಡಸ್ರ ಪಂಕ್ತಿ!" ಎಂದ ಹೊಂಬಾಳೇಗೌಡ.

"ಗಂಡಸ್ರೆಲ್ಲ ನಿಂತವ್ರಲ್ಲಪ್ಪ," ಎಂದಳು ಲಿಂಗಾಜಮ್ಮ. "ಕುಂತೋರ್ ತಾನೆ ಉಣ್ಣೋದು?"

"ಬೀಗ್ರು ಮುದ್ದೆ ಮುರೀದೆ ಯಾರೂ ಉಣ್ಬಾರ್ದು ಕಣವ್ವ!"

"ಯಾಕಂಗೆ ಮಾಡವ್ರೆ? ಬೀಗ್ರು ಹಿರೇರು ಅಂತ. ನಿಮ್ಮಿಬ್ರಿಗಿಂತ ಹಿರೇಳು ನಾನಿವ್ನಿ. ನಾ ಮುರುದ್ರೆ ಆಯ್ತಲ್ಲ."

ಇಡೀ ಕುಲಕ್ಕೆ ಇದು ಎಂದೂ ಹೊಳೆದಿರಲಿಲ್ಲ. ಹೆಂಗಸೊಬ್ಬಳು ಮೊದಲ ಪಂಕ್ತಿಯಲ್ಲಿ ಕೂತ ನೆನಪೇ ಯಾರಿಗೂ ಇಲ್ಲದ್ದರಿಂದ, ಕೂತರೆ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ಲಿಂಗಾಜಮ್ಮ ಕತ್ತೆತ್ತಿ, ಎದುರಿಗೆ ತೂಗುತ್ತಿದ್ದ ಪಾದವನ್ನು ಒಮ್ಮೆ ನೋಡಿದಳು.

"ಕಾಲಿಳುಸಪ್ಪ ಬೀಗ. ಎಲೆ ಮ್ಯಾಲೆ ದೂಳು ಉದುರ್ತದೆ."

ಎಂದು ಊರುಗೋಲಿನಿಂದ ಆ ಮಂಡಿಯ ಹಿಂಬದಿಗೆ ಮೆಲ್ಲಗೆ ಒಂದು ಏಟು ಕೊಟ್ಟಳು. ಬಸ್ಸುಗಳು ಅಲುಗಿಸಲಾರದ ಆ ಸ್ತಂಭವು ಲಟಕ್ಕೆಂದು ಮಡಿಸಿಕೊಂಡು, ಎಲೆಯ ಈಚೆಗೇ, ನೆಂಟರ ತೊಡೆಯ ಮೇಲೆ ಕುಸಿಯಿತು. ಇಂಚರ ಬಿಟ್ಟ ಉಸಿರು ನನಗೆ ಕೇಳಿಸಿತು. ಮುದುಕಿ ಅತ್ತ ಗಮನಕೊಡದೆ ಮುದ್ದೆಯನ್ನು ಮುರಿದು, ಬಕೀಟನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡು, ಸೌಟಿನಲ್ಲಿ ಸಾರು ಬಿಟ್ಟುಕೊಂಡು, ತುತ್ತನ್ನು ಅದ್ದಿ ನುಂಗಿದಳು. ಮುದ್ದೆಗೆ ಹಲ್ಲು ಬೇಡ.

ಆಮೇಲೆ ಆದದ್ದನ್ನು ವರ್ಣಿಸಲು ನನಗೆ ಬಿಡುವಿರಲಿಲ್ಲ. ಕಟ್ಟೆಯೊಡೆದ ಕೆರೆಯ ಹಾಗೆ ನೂರಾರು ಕೈಗಳು ಒಮ್ಮೆಗೇ ಎಲೆಗೆ ಬಿದ್ದವು. ಬೋರಣ್ಣ ಬೀಡಿ ಎಸೆದು ಓಡಿಬಂದ. ಬಡಿಸುವವರು ಬಕೀಟು ಹೊತ್ತು ಹಾರಾಡಿದರು. ಭಲೇ ಎಂದಿದ್ದ ಬಾಯಿಗಳಲ್ಲಿ ಈಗ ಮೂಳೆ ಕಡಿಯುವ ಸದ್ದು ಮಾತ್ರ. ಆ ಗದ್ದಲದ ನಡುವೆಯೂ ಇಬ್ಬರು ವೀರರು, ಒಬ್ಬ ನಿಂತು, ಒಬ್ಬ ಬಿದ್ದಲ್ಲಿಂದಲೇ, ಚೊಕ್ಕ ಚೌಕಗಳೆಂದು ಇನ್ನೂ ಸ್ವಲ್ಪ ಹೊತ್ತು ಕೂಗಾಡಿದರು. ಕೇಳುವವರಿರಲಿಲ್ಲ. ನನ್ನ ಎದುರಿನವನು ಮೂರನೆಯ ಸಲ ಸಾರು ಕೇಳುತ್ತಿದ್ದ. ಕೇಳುವವರಿಲ್ಲದ ಮೇಲೆ ಯುದ್ಧಕ್ಕೆ ರುಚಿಯೆಲ್ಲಿ? ಇಬ್ಬರ ದನಿಯೂ ಇಳಿಯಿತು.

ಪಂಕ್ತಿ ಎದ್ದಿತು. ಎಲೆಗಳು ಮಡಚಿಕೊಂಡವು. ಬಯಲಾದ ಆ ರಣರಂಗದಲ್ಲಿ ಉಳಿದದ್ದು ಒಂದೇ ಎಲೆ, ಕಾಳೀರೇಗೌಡನದು. ಒಮ್ಮೆ ಎದ್ದವರ ಎಲೆಗೆ ಬಡಿಸಬಾರದೆಂದು ಬಡಿಸುವವರು ಅದನ್ನು ಬಿಟ್ಟು ಮುಂದಕ್ಕೆ ಹೋಗಿದ್ದರು. ಹೊಂಬಾಳೇಗೌಡನಿಗಂತೂ ಎಲೆಯೇ ಇರಲಿಲ್ಲ, ತಾಯಿ ಉಂಡು ಮುಗಿಸಿದ್ದಳು.

"ಬನ್ನಿ ಬೀಗ್ರೇ, ಇದ್ರಲ್ಲೇ ಕುಂತ್ಕಳಿ," ಎಂದ ಕಾಳೀರೇಗೌಡ, ನೆಲವನ್ನು ನೋಡುತ್ತ.

ಹೊಂಬಾಳೇಗೌಡ ಕೂತ. ಎಲೆಯ ಮೇಲಿದ್ದ ಒಂಟಿ ಮುದ್ದೆ ಆರಿ ಕಲ್ಲಾಗಿತ್ತು. ಕಾಳೀರೇಗೌಡ ಬೆರಳೂರಿದ, ಅದು ಜಗ್ಗಲಿಲ್ಲ. ಕಡೆಗೆ ಆತ ಒಂದು ಮಗ್ಗುಲು ಹಿಡಿದುಕೊಂಡ, ಈತ ಇನ್ನೊಂದು ಮಗ್ಗುಲು ಹಿಡಿದುಕೊಂಡ, ಇಬ್ಬರೂ ಹಲ್ಲು ಕಚ್ಚಿ ಎಳೆದರು. ಮುದ್ದೆ ಎರಡಾಯಿತು. ಕುಲದ ಕಟ್ಟಳೆ ಹೀಗೆ ಯಾರೂ ನೋಡದಾಗ ನೆರವೇರಿತು.

ಬೋರಣ್ಣ ತಪ್ಪಲೆಯನ್ನು ಬಗ್ಗಿಸಿ ಕೆರೆದು ತಳದ ಸಾರನ್ನು ತಂದು ಬಿಟ್ಟ. ತುಂಡುಗಳೆಲ್ಲ ಮುಗಿದಿದ್ದವು, ಒಂದನ್ನು ಬಿಟ್ಟು. ಅದು ನಲ್ಲಿಮೂಳೆ. ಒಳಗೆ ಮಜ್ಜೆ ತುಂಬಿ ತುಳುಕುತ್ತಿದ್ದ, ಹೆಬ್ಬೆರಳು ದಪ್ಪದ, ಬಾಡಿನೂಟದ ಕಿರೀಟದಂಥ ನಲ್ಲಿಮೂಳೆ. ಬೋರಣ್ಣ ಅದನ್ನು ಎಲೆಯ ನಟ್ಟನಡುವೆ ಇಟ್ಟು ಹೋದ.

"ತಕ್ಕಳಿ ಬೀಗ್ರೇ," ಎಂದ ಹೊಂಬಾಳೇಗೌಡ.

"ಊಹ್ಞೂ, ನೀವು ತಕ್ಕಳಿ. ಮನೆ ಯಜಮಾನ್ರು."

"ಯಜಮಾನ ಅಂದ್ಮೇಲೆ ನಾ ಹೇಳ್ದಂಗೆ ಕೇಳ್ಬೇಕು. ತಕ್ಕಳಿ."

"ನನ್ಗೆ ಬಲವಂತ ಮಾಡ್ಬೇಡಿ. ನಾ ಹೇಳ್ತಾ ಇವ್ನಿ, ನೀವು ತಿನ್ನಿ."

"ಅಂದ್ರೆ? ನನ್ನ ಮಾತ್ಗೆ ಬೆಲೆ ಇಲ್ವಾ?"

"ನನ್ನ ಮಾತ್ಗೆ ಅದ್ಯಾ?"

ಕಾಳೀರೇಗೌಡನ ಮೀಸೆ ಮತ್ತೆ ಅದುರಿತು. ಹೊಂಬಾಳೇಗೌಡ ಏಳಲೆಂದು ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದಕ್ಕೆ ಯಾರದಾದರೂ ಹೆಗಲು ಸಿಗುವುದೇ ಎಂದು ಹುಡುಕಿದ. ಕೈತೊಳೆಯುತ್ತಿದ್ದ ನಾನು ತಂಬಿಗೆಯನ್ನು ಕೆಳಗಿಟ್ಟೆ. ಎಲೈ ಜಠರಾಗ್ನಿಯೇ, ಇನ್ನೊಂದು ಪರ್ವವೇ!

ಬಳೆಗಳು ತುಂಬಿದ ಕೈಯೊಂದು ಇಬ್ಬರ ನಡುವಿನಿಂದ ಇಳಿದು ಬಂದು ನಲ್ಲಿಮೂಳೆಯನ್ನು ಎತ್ತಿಕೊಂಡಿತು. ಇಂಚರ! ಎಲ್ಲರ ಎಲೆಗೂ ತುಪ್ಪ ಬಡಿಸಿ, ತಾನು ಬೆಳಿಗ್ಗೆಯಿಂದ ಒಂದು ತೊಟ್ಟು ನೀರನ್ನೂ ಕುಡಿಯದೆ ನಿಂತಿದ್ದ ಮದುಮಗಳು, ಧಾರೆಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಳೆಯ ಒಂದು ತುದಿಯನ್ನು ಬಾಯಿಗಿಟ್ಟು, ಅಪ್ಪನ ಮುಂದೆ, ಮಾವನ ಮುಂದೆ, ಸುರ್ರೆಂದು ಒಂದೇ ಉಸಿರಿಗೆ ಮಜ್ಜೆಯನ್ನು ಹೀರಿಬಿಟ್ಟಳು. ಒಳಗೇನಾದರೂ ಉಳಿದಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು. ಉಳಿದಿರಲಿಲ್ಲ.

"ಇಬ್ರೂ ಬೇಗ ಉಂಡು ಎದ್ದೇಳಿ," ಎಂದಳು ಬೆರಳು ನೆಕ್ಕಿಕೊಳ್ಳುತ್ತ. "ಹಾಲುಕ್ಕುಸ್ಬೇಕು, ನಾನ್ ಹೊಂಟೆ."

ಎಂದು ನಂದೀಶನ ಚೆಕ್ಸ್ ಶರ್ಟಿನ ತೋಳಿಗೆ ಕೈ ಒರೆಸಿ, ಅವನನ್ನು ಎಳೆದುಕೊಂಡು ವ್ಯಾನು ಹತ್ತಿದಳು. ಬೀಗರಿಬ್ಬರೂ ತಲೆ ಬಗ್ಗಿಸಿ ಅರ್ಧರ್ಧ ಮುದ್ದೆಯನ್ನು ತಣ್ಣನೆಯ ಸಾರಿನಲ್ಲಿ ಅದ್ದಿಕೊಂಡು ತೆಪ್ಪಗೆ ಉಂಡರು.